ಚಿಕ್ಕಮ್ಮನ ಕಂಟ್ರೋಲ್ ಟವರ್

ನನ್ನ ಚಿಕ್ಕಮ್ಮ ಟಾರ್ಪಾಲು ಹೊಲಿಯುತ್ತಾಳೆ. ಲಾರಿಯ ಮೇಲೆ ಹೊದಿಸುವುದು, ಅಂಗಡಿಯ ಮುಂದೆ ಇಳಿಬಿಡುವುದು, ದೋಣಿಗೆ ಮುಚ್ಚುವುದು, ಹೀಗೆ ಮಳೆಗೂ ಬಿಸಿಲಿಗೂ ಅಡ್ಡ ನಿಲ್ಲುವ ದಪ್ಪ ಬಟ್ಟೆ ನಮ್ಮ ಊರಿನಲ್ಲಿ ಎಲ್ಲೇ ಕಂಡರೂ ಅದು ಅವಳ ಸೂಜಿಯ ಕೆಳಗೆ ಹಾದು ಬಂದದ್ದು ಎಂದು ಕಣ್ಣುಮುಚ್ಚಿ ಹೇಳಬಹುದು. ಲಾರಿ ಡ್ರೈವರುಗಳು ಅವಳನ್ನು ಟಾರ್ಪಾಲಕ್ಕ ಎನ್ನುತ್ತಾರೆ. ನಾನು ಅವಳ ಅಕ್ಕನ ಮಗ, ಅವಳ ಮನೆಯಲ್ಲೇ ಇರುವವನು. ಊರಿನ ಮ್ಯೂಸಿಯಮ್ಮಿನ ಫೋಟೋ ವಿಭಾಗದಲ್ಲಿ ಸ್ಕ್ಯಾನ್ ಆಪರೇಟರ್. ಹಳೆಯ ಫೋಟೋವನ್ನು ಗಾಜಿನ ಮೇಲೆ ಬೋರಲಾಗಿ ಮಲಗಿಸುವುದು, ಮುಚ್ಚಳ ಮುಚ್ಚುವುದು, ಬಟನ್ ಒತ್ತುವುದು, ಮುಚ್ಚಳ ತೆಗೆಯುವುದು. ಇಷ್ಟು ನನ್ನ ವಿದ್ಯೆ. ಚಿಕ್ಕಪ್ಪ ಇದನ್ನು ನೆಂಟರಿಗೆಲ್ಲ ಬಹಳ ಗೌರವದಿಂದಲೇ ವಿವರಿಸುತ್ತಾನೆ: "ನಮ್ಮ ಹುಡುಗ ಮುಚ್ಚಳದ ಇಲಾಖೇಲಿದ್ದಾನೆ."

ಚಿಕ್ಕಮ್ಮನ ಕಾರ್ಖಾನೆ ಬಸ್ ಡಿಪೋದ ಹಿಂದಿದೆ. ಕಾರ್ಖಾನೆ ಎನ್ನುವುದು ಅವಳ ಮಾತು. ಉಳಿದವರಿಗೆ ಅದು ಶೆಡ್ಡು. ಇಟ್ಟಿಗೆಯ ಉದ್ದನೆಯ ಕಟ್ಟಡ. ಎರಡು ಪಕ್ಕಗಳಲ್ಲಿ ಮಾಡು, ಅಂದರೆ ಛಾವಣಿ, ಸಾಧಾರಣ ಎತ್ತರಕ್ಕಿದ್ದು ನಡುಭಾಗ ಮಾತ್ರ ಒಂಟೆಯ ಬೆನ್ನಿನಂತೆ ಏಕಾಏಕಿ ಮೇಲೆದ್ದಿದೆ. ಎದ್ದ ಭಾಗದ ಇಕ್ಕೆಲಗಳಲ್ಲೂ ಸಾಲು ಕಿಟಕಿ. ಒಳಗೆ ನಿಂತು ಕತ್ತು ನೋಯುವಷ್ಟು ತಲೆ ಎತ್ತಿದರೆ ಕಬ್ಬಿಣದ ತೊಲೆಗಳು ಕಾಣುತ್ತವೆ, ತೊಲೆಗಳ ಉದ್ದಕ್ಕೂ ಹಗ್ಗ ಓಡಾಡುವ ಪುಟ್ಟ ಪುಟ್ಟ ರಾಟೆಗಳು. ನಡುವಿನ ತೊಲೆಯಲ್ಲಿ ಒಂದು ಜಾಗದಲ್ಲಿ ಮಾತ್ರ ರಾಟೆ ಇಲ್ಲ, ಬರೀ ಕೊಕ್ಕೆ. ಆ ಇಲ್ಲದ ರಾಟೆ ನಮ್ಮ ಮನೆಯ ಖಾಯಂ ಸದಸ್ಯ. ಚಿಕ್ಕಪ್ಪ ಡಿಪೋದಲ್ಲಿ ಬಸ್ ಓಡಿಸುತ್ತಿದ್ದ ಕಾಲದಲ್ಲಿ ಒಂದು ರಜೆಯ ದಿನ ಏಣಿ ಹತ್ತಿ ರಾಟೆಗಳಿಗೆ ಗ್ರೀಸ್ ಹಚ್ಚಿದನಂತೆ. ಅದಾದ ಮೇಲೆ ಚಿಕ್ಕಮ್ಮ ತಲೆ ಎತ್ತಿ ನೋಡಿದಾಗ ಒಂದು ಕಡಿಮೆ. ಅವತ್ತಿನಿಂದ ಚಹಾ ಲೋಟ ಒಡೆದರೂ, ಬಸ್ಸು ತಡವಾದರೂ, ನಾನು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೂ ಚಿಕ್ಕಮ್ಮನ ಮಾತು ಒಂದೇ ಕಡೆ ಬಂದು ನಿಲ್ಲುತ್ತಿತ್ತು: "ರಾಟೆ ಕಳೆದ ಮನುಷ್ಯನ ಮನೇಲಿ ಇನ್ನೇನಾಗುತ್ತೆ!"

ಆ ಎತ್ತರ ಅವಳಿಗೆ ಸುಮ್ಮನೆ ಜಂಬಕ್ಕಲ್ಲ. ಒಂದು ಟಾರ್ಪಾಲು ಹೊಲಿದು ಮುಗಿದ ಕೂಡಲೇ ಅದನ್ನು ಗಿರಾಕಿಗೆ ಕೊಡುವುದಿಲ್ಲ. ನಾಲ್ಕು ಮೂಲೆಗೂ ಹಗ್ಗ ಬಿಗಿದು, ರಾಟೆಗಳ ಮೇಲೆ ಹಾಯಿಸಿ, ಪೂರ್ತಿ ಮೇಲೆ ಎಳೆದು ಕಿಟಕಿಗಳ ಬೆಳಕಿಗೆ ಅಡ್ಡ ನಿಲ್ಲಿಸುತ್ತಾಳೆ. ಕೆಳಗೆ ಕತ್ತಲೆ, ಬಟ್ಟೆಯ ಹಿಂದೆ ಬೆಳಕು. ಹೊಲಿಗೆಯ ಸಾಲಿನಲ್ಲಿ ಎಲ್ಲಿ ಸೂಜಿ ಅಗತ್ಯಕ್ಕಿಂತ ಹೆಚ್ಚು ಚುಚ್ಚಿದೆಯೋ ಅಲ್ಲಿ ಒಂದು ಬಿಳಿ ಚುಕ್ಕಿ ಮಿನುಗುತ್ತದೆ. ಚುಕ್ಕಿಗೆ ಅವಳಿಟ್ಟ ಹೆಸರು ನಕ್ಷತ್ರ. ಈ ಕೆಲಸಕ್ಕೆ ಹೆಸರು ಆಕಾಶ ನೋಡುವುದು. ಬಿದಿರಿನ ತುದಿಗೆ ಸೀಮೆಸುಣ್ಣ ಕಟ್ಟಿಕೊಂಡು ನಕ್ಷತ್ರಗಳಿಗೆ ಗುರುತು ಹಾಕುವ ಖಗೋಳಶಾಸ್ತ್ರಿ ನಾನು. ರಜೆಯ ದಿನಗಳಲ್ಲಿ, ಊಟದ ಋಣಕ್ಕೆ. ಬೇರೆ ಟಾರ್ಪಾಲಿನವರು ಬಟ್ಟೆಯನ್ನು ನೆಲದ ಮೇಲೆ ಹಾಸಿ ಕೈಯಾಡಿಸಿ ಕಳಿಸುತ್ತಾರೆ. ಚಿಕ್ಕಮ್ಮ ಅಂಥವರನ್ನು 'ಬೆಡ್‌ಶೀಟಿನವರು' ಎಂದು ಕರೆಯುತ್ತಾಳೆ.

ಗಿರಾಕಿಗಳಿಗೆ ಅವಳು ಇನ್ನೊಂದು ಮಾತನ್ನೂ ಹೊಲಿದು ಕೊಡುತ್ತಿದ್ದಳು. "ನೀವು ನಿಂತಿರೋದು ಎಲ್ಲಿ ಗೊತ್ತಾ? ಕಂಟ್ರೋಲ್ ಟವರ್! ಇಲ್ಲಿಂದಲೇ ವಿಮಾನಗಳಿಗೆ ಹೇಳ್ತಿದ್ದದ್ದು, ನೀನು ಇಳಿ, ನೀನು ಹತ್ತು, ನೀನು ಸ್ವಲ್ಪ ಸುಮ್ಮನಿರು ಅಂತ."

ವಿಮಾನಗಳಿದ್ದದ್ದು ನಿಜ. ನಮ್ಮ ಬಡಾವಣೆ ಒಂದು ಕಾಲಕ್ಕೆ ವಿಮಾನ ನಿಲ್ದಾಣ. ಡಿಪೋದ ಮುಂದಿನ ರಸ್ತೆ ಎಲ್ಲೂ ಸೊಂಟ ಬಳುಕಿಸದೆ ನೇರ ಹೋಗಿ ಥಟ್ಟನೆ ಮುಗಿಯುವುದಕ್ಕೆ ಕಾರಣ ಅದು ರಸ್ತೆಯೇ ಅಲ್ಲ, ರನ್‌ವೇ. ಬಸ್ಸುಗಳು ಮಲಗುವ ಕಮಾನು ಮಾಡಿನ ಶೆಡ್ಡು ವಿಮಾನಗಳು ಮಲಗುತ್ತಿದ್ದ ಹ್ಯಾಂಗರು. ವಿಮಾನದವರು ಜಾಗ ಬಿಟ್ಟು ಹೋಗುವಾಗ ಕಾಗದಪತ್ರವನ್ನೆಲ್ಲ ಹೊತ್ತೊಯ್ದಿದ್ದರಿಂದ ಉಳಿದ ಕಟ್ಟಡಗಳಲ್ಲಿ ಯಾವುದು ಏನಾಗಿತ್ತು ಎನ್ನುವುದು ಅವರವರ ಗಂಟಲಿನ ಶಕ್ತಿಗೆ ಬಿಟ್ಟದ್ದಾಗಿತ್ತು. ಆ ಶಕ್ತಿಯಲ್ಲಿ ಚಿಕ್ಕಮ್ಮನಿಗೆ ಎದುರಿರಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮನೆಯ ಹೊರಜಗಲಿಯಲ್ಲಿ ಚಿಕ್ಕಪ್ಪನ ಸ್ನೇಹಿತರ ಸೀಟು ಕವರುಗಳನ್ನು ಹೊಲಿಯುತ್ತಿದ್ದಳಂತೆ. ಒಂದು ದಿನ ಡ್ರೈವರೊಬ್ಬ ಲಾರಿಯ ಹರಿದ ಟಾರ್ಪಾಲು ತಂದು ಹಾಕಿದ. ಅದು ಜಗಲಿ ತುಂಬಿ, ಮೆಟ್ಟಿಲು ಇಳಿದು, ಪಕ್ಕದ ಮನೆಯವರ ಬಾಗಿಲಿನವರೆಗೂ ಹೋಯಿತು. ಪಕ್ಕದ ಮನೆಯಾಕೆ "ಇದೇನು ಸಂಸಾರವೋ ಸರ್ಕಸ್ಸೋ" ಎಂದಳು. ಆ ಮಾತು ಚಿಕ್ಕಮ್ಮನಿಗೆ ನಾಟಿತು. ಮಾರನೆಯ ದಿನವೇ ಡಿಪೋದ ಹಿಂದೆ ಪಾರಿವಾಳಗಳಿಗೆ ಬಿಟ್ಟಿದ್ದ ಈ ಕಟ್ಟಡವನ್ನು ನೋಡಿ, ನಗರಸಭೆಗೆ ಹೋಗಿ, ಬಾಡಿಗೆಗೆ ಕೊಡಿ ಎಂದು ಕೇಳಿದಳು. "ಅಷ್ಟೆತ್ತರದ ಮನೆ ಏನಕ್ಕಮ್ಮ, ಚಳಿಗಾಳಿ ಹೊಡೆಯುತ್ತೆ" ಎಂದರಂತೆ. "ನೀವು ಬೀಗದ ಕೈ ಕೊಡಿ, ಗಾಳಿ ಜೊತೆ ನಾನು ಮಾತಾಡ್ಕೊಳ್ತೀನಿ" ಎಂದಳಂತೆ. ಆ ಗಾಳಿಯೊಂದಿಗೆ ಇವತ್ತಿಗೂ ಮಾತು ನಡೆದಿದೆ.

ಹೀಗಿರುವಾಗ ನಗರಸಭೆಗೆ ಡಿಪೋದ ಹಿಂದಿನ ಜಾಗದಲ್ಲಿ ಸರಕಿನ ಗೋದಾಮು ಕಟ್ಟುವ ಯೋಚನೆ ಬಂತು. ವಿಮಾನ ನಿಲ್ದಾಣದ ಕಾಲದ ಕಟ್ಟಡಗಳನ್ನು ಉಳಿಸಿಕೊಳ್ಳುತ್ತೇವೆ, ಆಮೇಲೆ ಎದ್ದವನ್ನೆಲ್ಲ ಕೆಡವುತ್ತೇವೆ ಎಂದು ಗೊತ್ತುಮಾಡಿದರು. ಯಾವುದು ಆಗಿನದು ಎಂದು ಹೇಳುವ ಕೆಲಸ ಮ್ಯೂಸಿಯಮ್ಮಿಗೆ ಬಂತು. ನಗರಸಭೆಯ ಇಂಜಿನಿಯರು ಜಾಗದ ನಕ್ಷೆಯೊಂದನ್ನು ಹಿಡಿದು ಬಂದರು: ಆಗಿನದಕ್ಕೆ ಹಸಿರು ಪೆನ್ಸಿಲು, ಆಮೇಲಿನದಕ್ಕೆ ಕೆಂಪು. ಸುದ್ದಿ ಕೇಳಿ ಚಿಕ್ಕಮ್ಮ ಯಂತ್ರದ ಪೆಡಲಿನಿಂದ ಕಾಲನ್ನೂ ತೆಗೆಯಲಿಲ್ಲ.

"ಕಂಟ್ರೋಲ್ ಟವರಿಗೆ ಕೆಂಪು ಹಚ್ಚೋ ಧೈರ್ಯ ಯಾರಿಗಿದೆ? ಹೋಗಿ ಹೇಳು, ಹಸಿರು ಪೆನ್ಸಿಲ್ ಚೆನ್ನಾಗಿ ಚೂಪು ಮಾಡಿಟ್ಕೊಳ್ಳಿ ಅಂತ."

ಅದೇ ತಿಂಗಳು ಮ್ಯೂಸಿಯಮ್ಮಿಗೆ ಒಂದು ತಗಡಿನ ಪೆಟ್ಟಿಗೆ ಬಂತು. ಆಗಿನ ಪೈಲಟ್ ಒಬ್ಬರ ಮಗಳು ಮನೆ ಖಾಲಿ ಮಾಡುವಾಗ ಕೊಟ್ಟದ್ದು. ತುಂಬ ಫೋಟೋ: ವಿಮಾನಗಳ ಮುಂದೆ ಮೀಸೆಗಳು, ಬಾಗಿಲುಗಳ ಮುಂದೆ ಮೀಸೆಗಳು, ಮೇಜಿನ ಸುತ್ತ ಮೀಸೆಗಳು, ಮತ್ತು ಆಕಾಶದಿಂದ ತೆಗೆದ ಕೆಲವು. ಯಾವುದರ ಹಿಂದೆಯೂ ಒಂದಕ್ಷರ ಇರಲಿಲ್ಲ. ನಮ್ಮ ವಿಭಾಗದ ಮೇಡಂ ಕೊರಳಲ್ಲಿ ಸದಾ ಒಂದು ಭೂತಗನ್ನಡಿ ತೂಗಿಸಿಕೊಂಡಿರುತ್ತಾರೆ. ಅವರು ಪೆಟ್ಟಿಗೆ ನೋಡಿ ಕೈ ಉಜ್ಜಿಕೊಂಡರು. "ಹೆಸರು ಬರೆದಿಲ್ಲದಿದ್ರೆ ಒಳ್ಳೇದು. ಬರೆದಿದ್ರೆ ನಾವು ನೋಡೋದೇ ಇಲ್ಲ, ಓದಿಬಿಡ್ತೀವಿ" ಎಂದರು. ನನಗೆ ಮುಚ್ಚಳದ ಕೆಲಸ ಶುರುವಾಯಿತು.

ಮೊದಲನೆಯ ಪೆಟ್ಟು ಬೇಗನೆ ಬಿತ್ತು. ಒಂದು ಫೋಟೋದಲ್ಲಿ ನಾಲ್ಕು ಮರದ ಕಾಲುಗಳ ಮೇಲೆ ನಿಂತ, ಸುತ್ತ ಗಾಜಿನ, ಪುಟ್ಟ ಗೂಡು. ಗೂಡಿನ ಹೊರಗೆ ಒಬ್ಬ ಬಾವುಟ ಹಿಡಿದಿದ್ದಾನೆ, ಒಳಗೊಬ್ಬ ಕಿವಿಗೆ ಏನೋ ತಗಲಿಸಿಕೊಂಡು ಆಕಾಶ ನೋಡುತ್ತಿದ್ದಾನೆ. ಹಿಂದೆ ಹ್ಯಾಂಗರಿನ ಕಮಾನು. ಗೂಡು ನಿಂತಿದ್ದದ್ದು ಈಗ ಡಿಪೋದ ನೀರಿನ ಟ್ಯಾಂಕು ಇರುವ ಜಾಗ. ಮೇಡಂ ಕನ್ನಡಿ ಎತ್ತುವ ಮೊದಲೇ ನನಗೆ ಗೊತ್ತಾಯಿತು: ಇದು ಕಂಟ್ರೋಲ್ ಟವರು.

ಮನೆಯಲ್ಲಿ ಊಟಕ್ಕೆ ಕೂತಾಗ, ಫೋನಿನಲ್ಲಿ ಹಿಡಿದುಕೊಂಡಿದ್ದ ಆ ಫೋಟೋ ತೆಗೆದೆ.

"ಚಿಕ್ಕಮ್ಮ, ಕಂಟ್ರೋಲ್ ಟವರ್ ಸಿಕ್ತು."

"ಸಿಗೋದೇನು ಬಂತು, ದಿನಾ ಅದರೊಳಗೇ ಕೂರ್ತೀನಲ್ಲ."

"ಅದಲ್ಲ. ಇದು."

ಚಿಕ್ಕಮ್ಮ ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಈ ಗೂಡಾ? ಕೋಳಿ ಸಾಕೋಕೆ ಕಟ್ಟಿದ ಹಾಗಿದೆ. ಇದರೊಳಗೆ ಕೂತು ವಿಮಾನಕ್ಕೆ ಬುದ್ಧಿ ಹೇಳ್ತಿದ್ರಾ? ಜೋರಾಗಿ ಗಾಳಿ ಬಂದ್ರೆ ಮೊದಲು ಇದೇ ಹಾರಿಹೋಗಬೇಕು."

"ಅದಕ್ಕೇ ಈಗ ಇಲ್ಲ" ಎಂದ ಚಿಕ್ಕಪ್ಪ ತಟ್ಟೆಯಿಂದ ತಲೆ ಎತ್ತದೆ.

"ನೀವು ಸುಮ್ಮನಿರಿ, ರಾಟೆ ಕಳೆದೋರು." ನನ್ನ ಕಡೆ ತಿರುಗಿದಳು. "ಸರಿ, ಟವರಲ್ಲ ಅಂತಲೇ ಇಟ್ಕೋ. ನಮ್ಮದು ಅದಕ್ಕಿಂತ ದೊಡ್ಡದು ಏನೋ ಆಗಿರುತ್ತೆ. ಆಕಾಶದಿಂದ ತೆಗೆದದ್ದಿದೆ ಅಂದ್ಯಲ್ಲ, ಅದರಲ್ಲಿ ನೋಡು."

ಆಕಾಶದಿಂದ ತೆಗೆದದ್ದನ್ನು ನೋಡುವ ದಿನ ಇಂಜಿನಿಯರೂ ಬಂದರು. ಪೆನ್ಸಿಲು ಊರುವ ಮೊದಲು ಪ್ರಶ್ನೆ ಕೇಳುವ ಅಪರೂಪದ ಮನುಷ್ಯ ಅವರು. ಬೈಯುವುದಕ್ಕೂ ಅನುಕೂಲ ಮಾಡಿಕೊಡುವುದಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದ ಫೋಟೋವನ್ನು ಮೇಜಿನ ಮೇಲೆ ಹಾಸಿದೆವು, ನಮ್ಮ ಮ್ಯೂಸಿಯಮ್ಮಿನ ನಿಯಮದಂತೆ ಉತ್ತರ ದಿಕ್ಕು ಮೇಲೆ ಬರುವ ಹಾಗೆ. ನಮ್ಮಲ್ಲಿ ನಕ್ಷೆಯಿರಲಿ, ಫೋಟೋ ಇರಲಿ, ಉತ್ತರ ಮೇಲೆ. ಮಲಗುವಾಗಲೂ ಉತ್ತರಕ್ಕೆ ತಲೆ ಹಾಕುವವರು ಬಹುಶಃ ನಾವೊಬ್ಬರೇ.

ಮೂವರೂ ಒಂದೇ ಕಡೆ ಕೂತು ಹುಡುಕಿದೆವು. ರನ್‌ವೇ ಸಿಕ್ಕಿತು, ಅದು ನಮ್ಮ ರಸ್ತೆ. ಹ್ಯಾಂಗರು ಸಿಕ್ಕಿತು, ಅದು ಬಸ್ಸಿನ ಶೆಡ್ಡು. ರೈಲು ಹಳಿಯ ತಿರುವು ಸಿಕ್ಕಿತು. ಈ ಮೂರನ್ನು ಹಿಡಿದು ಮೇಡಂ ಸ್ಕೇಲಿಟ್ಟು ಗೆರೆ ಎಳೆದರು. ಗೆರೆಗಳು ಸೇರಿದ ಕಡೆ ಚಿಕ್ಕಮ್ಮನ ಕಾರ್ಖಾನೆ ಇರಬೇಕು. ಎಲ್ಲರೂ ಬಾಗಿದೆವು.

ಅಲ್ಲಿ ಕಂಡದ್ದನ್ನು ಮೊದಲು ಬಾಯಿಬಿಟ್ಟು ಹೇಳಿದವನು, ನನ್ನ ಸೂಕ್ಷ್ಮದೃಷ್ಟಿಗೆ ನಾನೇ ಮಾರುಹೋಗಿ, ನಾನು. "ಹೊಂಡ!"

ಹೊಂಡವೇ. ಉದ್ದನೆಯ ಹೊಂಡ, ಎರಡು ಕಡೆಯಿಂದ ಇಳಿಜಾರು, ನಡುವೆ ಇನ್ನೂ ಆಳ. ಒಮ್ಮೆ ಹೊಂಡ ಎಂದು ಕಂಡ ಮೇಲೆ ಕಣ್ಣಿಗೆ ಬೇರೇನೂ ಕಾಣಲೊಲ್ಲದು. "ಜಲ್ಲಿ ತೆಗೆದಿದ್ದಾರೆ" ಎಂದರು ಇಂಜಿನಿಯರು. ರನ್‌ವೇಯ ಅಂಚಿನುದ್ದಕ್ಕೂ ಒಂದು ಗೋಡೆಯೂ ಕಾಣುತ್ತಿತ್ತು. "ರನ್‌ವೇ ಪಕ್ಕದಲ್ಲೇ ಗೋಡೆ ಯಾಕೆ ಕಟ್ಟಿದ್ರೋ, ವಿಮಾನದ ರೆಕ್ಕೆ ತಗಲಲ್ವಾ?" ಎಂದು ಮೇಡಂ ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲೇ ಯಾರೋ ಚಹಾ ತಂದರು, ಗೋಡೆ ಮರೆತುಹೋಯಿತು. ಇಂಜಿನಿಯರು ಕೆಂಪು ಪೆನ್ಸಿಲು ಕೈಗೆತ್ತಿಕೊಂಡರು, ಹಚ್ಚಲಿಲ್ಲ. "ಬಾಡಿಗೆದಾರರು ಒಂದು ಸಲ ಬಂದು ನೋಡಲಿ. ನಾಳೆ ಹಚ್ತೀನಿ."

ಮನೆಗೆ ಹೋಗುವ ದಾರಿಯುದ್ದಕ್ಕೂ ಹೊಂಡ ಎನ್ನುವುದಕ್ಕೆ ಇನ್ನೂ ಮೆತ್ತಗಿನ ಪದ ಹುಡುಕಿದೆ. ಸಿಗಲಿಲ್ಲ. ಕಾರ್ಖಾನೆಯಲ್ಲಿ ಚಿಕ್ಕಮ್ಮ ಮೀನುದೋಣಿಯೊಂದರ ಹೊದಿಕೆಗೆ ಅಂಚು ಹೊಡೆಯುತ್ತಿದ್ದಳು. ಹೇಳಿದೆ. ಯಂತ್ರ ನಿಂತಿತು. ಅವಳು ಮಾತಾಡುವಾಗ ಯಂತ್ರ ನಿಂತದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

"ಹೊಂಡ ಅಂದೋರು ಯಾರು?"

"ಎಲ್ಲರೂ."

"ಎಲ್ಲರಲ್ಲಿ ಮೊದಲು ಬಾಯಿಬಿಟ್ಟೋನು ಯಾರು?"

ನಾನು ತೊಲೆಗಳನ್ನು ನೋಡಿದೆ.

"ಗೊತ್ತಾಯ್ತು ಬಿಡು. ಇಲ್ಲಿ ಅಷ್ಟುದ್ದ ಟಾರ್ಪಾಲಿನಲ್ಲಿ ಇಷ್ಟು ದೊಡ್ಡ ನಕ್ಷತ್ರ ತೋರಿಸಿದ್ರೂ ಕಾಣಲ್ಲ. ಆಫೀಸಿನಲ್ಲಿ ಮಾತ್ರ ಚಿಕ್ಕಮ್ಮನ ಕಾರ್ಖಾನೇನೇ ಹೊಂಡ ಮಾಡೋವಷ್ಟು ಕಣ್ಣು!"

ಬೈಗುಳ ಅಲ್ಲಿಗೇ ನಿಂತಿತು. ಅದರಿಂದ ನನಗೆ ಇನ್ನೂ ಭಯವಾಯಿತು. ಎದ್ದು, ದೋಣಿಯ ಹೊದಿಕೆಗೆ ತಾನೇ ಹಗ್ಗ ಬಿಗಿದು ಮೇಲೆ ಎಳೆದಳು. ಬಟ್ಟೆ ಸರಸರ ಏರಿ ಬೆಳಕಿಗೆ ಅಡ್ಡ ನಿಂತಿತು. ಅದರ ಕೆಳಗೆ ನಿಂತು ಅವಳು ಮೇಲೆ ನೋಡಿದಳು.

"ಡಿಪೋ ಮುಂದೆ ಬೇರೆ ಶೆಡ್ಡು ಕೊಡ್ತಾರಂತೆ" ಎಂದೆ.

"ಕೈ ಎತ್ತಿದ್ರೆ ಮಾಡು ತಾಗುತ್ತೆ ಅಲ್ಲಿ. ಈ ಎತ್ತರ ಇಲ್ಲದಿದ್ರೆ ಆಕಾಶ ಎಲ್ಲಿ ನೋಡಲಿ? ನಾನೂ ನೆಲದ ಮೇಲೆ ಹಾಸಿ ಕೈಯಾಡಿಸಿ ಕಳಿಸಲಾ?" ಬೆಡ್‌ಶೀಟಿನವರು ಎನ್ನುವ ಮಾತನ್ನು ಅವಳು ಅವತ್ತು ಹೇಳಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿ, ಸೆರಗಿಗೆ ಕೈ ಒರೆಸಿಕೊಂಡಳು. "ನಾಳೆ ನಾನೇ ಬರ್ತೀನಿ. ನನ್ನ ಕಣ್ಣಲ್ಲಿ ನೋಡದೆ ನಾನು ಯಾವ ತೂತನ್ನೂ ಒಪ್ಪಿದೋಳಲ್ಲ."

ಮಾರನೆಯ ದಿನ ಬಂದಳು, ಜೊತೆಗೆ ಚಿಕ್ಕಪ್ಪ. ಮೇಜಿನ ನಮ್ಮ ಕಡೆ ಒಂದು ಕುರ್ಚಿ ಖಾಲಿ ಇತ್ತು, ನನ್ನ ಪಕ್ಕದಲ್ಲಿ. ಚಿಕ್ಕಮ್ಮ ಆ ಕುರ್ಚಿಯನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆದು, "ಇವನ ಪಕ್ಕ ಕೂತ್ರೆ ನನಗೂ ಹೊಂಡ ಕಾಣಬಹುದು" ಎಂದು ಕುರ್ಚಿಯನ್ನು ಎಳೆದುಕೊಂಡು ಹೋಗಿ ಮೇಜಿನ ಆಚೆ ಕಡೆ, ನಮಗೆ ಎದುರಾಗಿ ಕೂತಳು.

ಮೇಡಂ ಸಮಾಧಾನದಿಂದ ತೋರಿಸಿದರು. "ಇದು ನಿಮ್ಮ ರಸ್ತೆ. ಇದು ಬಸ್ ಶೆಡ್. ಇಲ್ಲಿ ನೋಡಿ, ನಿಮ್ಮ ಕಟ್ಟಡ ಇರೋ ಜಾಗದಲ್ಲಿ ಆಗ ಹೊಂಡ ಇತ್ತು."

ಚಿಕ್ಕಮ್ಮ ಬಾಗಿ ನೋಡಿದಳು. "ಎಲ್ಲಿ?"

"ಇಲ್ಲೇ, ನನ್ನ ಬೆರಳಿನ ಕೆಳಗೆ."

"ಬೆರಳು ತೆಗೀರಿ." ಮತ್ತೆ ನೋಡಿದಳು. "ಇದಾ ಹೊಂಡ? ಇದು ನಮ್ಮ ಮಾಡು. ಬೆನ್ನು ಎತ್ಕೊಂಡು ನಿಂತಿದೆಯಲ್ಲ!"

ಇಂಜಿನಿಯರು ಮೆಲ್ಲಗೆ, "ಅಮ್ಮಾ, ನಿಮಗೆ ಬೇಜಾರಾಗೋದು ಸಹಜ" ಎಂದರು.

"ಬೇಜಾರು ಆಮೇಲೆ ಮಾಡ್ಕೊಳ್ತೀನಿ. ಮೊದಲು ನೀವು ಕಣ್ಣುಬಿಟ್ಟು ನೋಡಿ. ಈ ಪಕ್ಕ ತಗ್ಗು ಮಾಡು, ಆ ಪಕ್ಕ ತಗ್ಗು ಮಾಡು, ನಡುವೆ ಎದ್ದಿದೆ. ಏನ್ರೀ, ನಿಮಗೂ ಹೊಂಡವೇ ಕಾಣುತ್ತಾ?"

ಅವಳ ಹಿಂದೆ ನಿಂತಿದ್ದ ಚಿಕ್ಕಪ್ಪ ಕತ್ತು ಚಾಚಿದ. ಹೆಂಡತಿಯ ಮಾತಿಗೆ ಹೂಂಗುಟ್ಟುವುದರಲ್ಲಿ ಅವನಿಗೆ ದೀರ್ಘ ಅನುಭವವಿದೆ. ಆದರೆ ಈ ಸಲ ಅವನ ಮುಖದಲ್ಲಿ ಅನುಭವ ಇರಲಿಲ್ಲ, ಆಶ್ಚರ್ಯ ಇತ್ತು. "ಮಾಡೇ ಕಣೇ. ನಾನು ಹತ್ತಿದ ಮಾಡು."

ಮೇಡಂ ಇಬ್ಬರ ಮುಖವನ್ನೂ ನೋಡಿದರು. ಎದ್ದು, ಮೇಜನ್ನು ಸುತ್ತಿ ಹೋಗಿ ಚಿಕ್ಕಮ್ಮನ ಹಿಂದೆ ನಿಂತರು. ಕೊರಳಿನ ಕನ್ನಡಿ ಎತ್ತಲಿಲ್ಲ, ಬರಿಗಣ್ಣಿನಲ್ಲೇ ನೋಡಿದರು. ಆಮೇಲೆ ತಮ್ಮ ಹಣೆಯನ್ನು ತಾವೇ ತಟ್ಟಿಕೊಂಡರು.

"ನೆರಳು! ಇಷ್ಟು ವರ್ಷ ಕೆಲಸ ಮಾಡಿ ನೆರಳು ನೋಡದೆ ಕೂತಿದ್ದೀನಿ. ಏಯ್, ಎದ್ದು ಈ ಕಡೆ ಬಾ."

ನಾನೂ ಇಂಜಿನಿಯರೂ ಓಡಿದೆವು. ಮೇಡಂ ಹೇಳಿದ್ದು ಇಷ್ಟು: ಬೆಳಕು ಮೇಲಿನಿಂದ ಬರುತ್ತದೆ, ನೆರಳು ನಮ್ಮ ಕಡೆ ಬೀಳುತ್ತದೆ ಎಂದು ಕಣ್ಣಿಗೆ ರೂಢಿ. ಆಕಾಶದಿಂದ ತೆಗೆದ ಫೋಟೋವನ್ನು ನೆರಳು ನಮ್ಮ ಕಡೆ ಬೀಳುವಂತೆ ಇಟ್ಟುಕೊಂಡರೆ ಮಾಡು ಮಾಡಾಗಿಯೇ ಕಾಣುತ್ತದೆ. ನೆರಳು ಅತ್ತ ಕಡೆ ಬೀಳುವಂತೆ ಇಟ್ಟರೆ ಕಣ್ಣು ಮೋಸಹೋಗಿ ಉಬ್ಬನ್ನು ತಗ್ಗು ಮಾಡುತ್ತದೆ, ತಗ್ಗನ್ನು ಉಬ್ಬು ಮಾಡುತ್ತದೆ. ನಮ್ಮ ಊರಿನಲ್ಲಿ ವರ್ಷದ ಹೆಚ್ಚಿನ ಕಾಲ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಬೀಳುವುದು ಉತ್ತರಕ್ಕೆ. ಉತ್ತರವನ್ನು ಮೇಲಿಡುವ ನಮ್ಮ ಪವಿತ್ರ ನಿಯಮದಿಂದ ಊರಿನ ಮನೆಗಳನ್ನೆಲ್ಲ ಹೊಂಡ ಮಾಡುವುದಕ್ಕೆ ಹೊರಟಿದ್ದೆವು. ಹ್ಯಾಂಗರು ಮೊದಲೇ ಗೊತ್ತಿದ್ದರಿಂದ ಕಣ್ಣು ಅದನ್ನೊಂದು ದಾಕ್ಷಿಣ್ಯಕ್ಕೆ ಎತ್ತಿ ನಿಲ್ಲಿಸಿತ್ತು.

ಆಚೆಯಿಂದ ನೋಡಿದರೆ ಎಲ್ಲ ತಲೆ ಎತ್ತಿತು. ರನ್‌ವೇ ಪಕ್ಕದ ಗೋಡೆ ಇಳಿದು ಚರಂಡಿಯಾಯಿತು. ನನ್ನ ಹೊಂಡ ಎದ್ದು ಒಂಟೆಯ ಬೆನ್ನಾಯಿತು.

"ನಿಮಗೆ ಹೇಗೆ ಹೊಳೀತು?" ಎಂದು ಮೇಡಂ ಚಿಕ್ಕಮ್ಮನನ್ನು ಕೇಳಿದರು.

"ಹೊಳೆಯೋದೇನು? ಇವನ ಮೇಲಿನ ಸಿಟ್ಟಿಗೆ ಈ ಕಡೆ ಕೂತೆ."

ಇತಿಹಾಸಕ್ಕೆ ನನ್ನ ಕೊಡುಗೆ ಇಷ್ಟೇ ಎಂದು ಯಾರಾದರೂ ಹೇಳಿದರೆ ನಾನು ಇಲ್ಲವೆನ್ನುವುದಿಲ್ಲ.

ಚಿಕ್ಕಮ್ಮ ಆಗಲೇ ಕೈಚೀಲ ಹೆಗಲಿಗೇರಿಸಿದ್ದಳು. "ಸರಿ, ಹಸಿರು ಹಚ್ಚಿ. ಕಾರ್ಖಾನೆ ತೆರೆಯಬೇಕು."

ಇಂಜಿನಿಯರು ಎರಡೂ ಪೆನ್ಸಿಲುಗಳನ್ನು ಜೇಬಿಗೆ ಹಾಕಿಕೊಂಡರು. "ಕಟ್ಟಡ ಆಗಲೂ ಇತ್ತು ಅಂತ ಒಪ್ಪಿದೆ. ಆದ್ರೆ ಅದು ವಿಮಾನದವರದ್ದೇ ಅಂತ ಹೇಗೆ ಹೇಳಲಿ? ಬೇಲಿ ಎಲ್ಲಿತ್ತು ಅಂತ ಫೋಟೋದಲ್ಲಿ ಕಾಣಲ್ಲ. ಪಕ್ಕದಲ್ಲಿ ಯಾರೋ ಇಟ್ಟಿಗೆ ಮಾಡೋರು ಒಣಗಿಸೋಕೆ ಕಟ್ಕೊಂಡಿದ್ರೆ? ನನ್ನನ್ನ ನಾಳೆ ಮೇಲಿನವರು ಕೇಳ್ತಾರಲ್ಲಮ್ಮ."

ಕೋಪ ಬರಬೇಕಾದ ಮಾತು. ಆದರೆ ಕೇಳಿದ ರೀತಿ ನ್ಯಾಯವಾಗಿತ್ತು, ಚಿಕ್ಕಮ್ಮನಿಗೂ ಅದು ಗೊತ್ತಾಯಿತು. "ಕೇಳಲಿ. ಅದನ್ನೂ ಹುಡುಕೋಣ" ಎಂದು ಮತ್ತೆ ಕೂತಳು.

ಮೇಡಂ ನನ್ನ ಕಡೆ ತಿರುಗಿದರು. "ಒಳಾಂಗಣದ ಫೋಟೋಗಳೆಲ್ಲ ತಗೊಂಡು ಬಾ."

ಊಟದ ಕೋಣೆ, ಆಫೀಸು, ಎಂಜಿನ್ ಬಿಚ್ಚುವ ಕೋಣೆ ಒಂದೊಂದಾಗಿ ಹರಡಿದೆ. ಅವುಗಳಲ್ಲಿ ಒಂದಕ್ಕೆ ನಾನು ಕಂಪ್ಯೂಟರಿನಲ್ಲಿ 'ಬಟ್ಟೆ ಒಗೆಯುವ ಮನೆ' ಎಂದು ಹೆಸರು ಕೊಟ್ಟಿದ್ದೆ. ಎತ್ತರದ ಕೋಣೆ, ಮೇಲಿನಿಂದ ಬಿಳಿಯ ಉದ್ದುದ್ದ ಬಟ್ಟೆಗಳು ಇಳಿಬಿದ್ದಿವೆ, ಒಣಗಲು ಹಾಕಿದ ಭಾರೀ ಲಂಗಗಳ ಹಾಗೆ. ಕೆಳಗೆ ವಿಮಾನದವರ ಸಮವಸ್ತ್ರ ಹಾಕಿದ ಮೂವರು ಮೀಸೆಯವರು ತಲೆ ಎತ್ತಿ ನೋಡುತ್ತಿದ್ದಾರೆ.

ಚಿಕ್ಕಮ್ಮ ಆ ಫೋಟೋವನ್ನು ಎತ್ತಿಕೊಂಡಳು. ಕೆಳಗಿಡಲಿಲ್ಲ.

"ಇವರು ಆಕಾಶ ನೋಡ್ತಿದ್ದಾರೆ" ಎಂದಳು.

"ಏನಮ್ಮ?" ಎಂದರು ಇಂಜಿನಿಯರು.

"ಇದು ನಮ್ಮ ಕಾರ್ಖಾನೆ. ನಮ್ಮ ರಾಟೆಗಳು."

"ರಾಟೆ ಎಲ್ಲಾ ಕಡೆ ಇರುತ್ತಮ್ಮ, ಬಾವಿ ಮೇಲೂ ಇರುತ್ತೆ."

ಮೇಡಂ ಕನ್ನಡಿಯನ್ನು ಫೋಟೋದ ಮೇಲೆ ಹಿಡಿದಿದ್ದರು. ಅವರ ಉಸಿರು ಗಾಜಿಗೆ ತಾಗಿ ಮಸುಕಾಗುತ್ತಿತ್ತು. "ಇಲ್ಲಿ ಕೂತು ಜಗಳಾಡಿದ್ರೆ ಪ್ರಯೋಜನ ಇಲ್ಲ. ಹೋಗೋಣ ನಡೀರಿ."

ಕಾರ್ಖಾನೆಗೆ ಬಂದೆವು. ಮೇಡಂ ಫೋಟೋವನ್ನು ಕೈ ನೀಡಿ ಮುಂದೆ ಹಿಡಿದು ಕೋಣೆಯಲ್ಲೆಲ್ಲ ಓಡಾಡತೊಡಗಿದರು. ಅವರು ಹುಡುಕುತ್ತಿದ್ದದ್ದು ಫೋಟೋ ತೆಗೆದವನು ನಿಂತ ಜಾಗವನ್ನು. ಅದಕ್ಕೊಂದು ಉಪಾಯವಿದೆ: ಫೋಟೋದಲ್ಲಿ ಹತ್ತಿರದ ಕಂಬ ದೂರದ ಕಿಟಕಿಯನ್ನು ಎಷ್ಟು ಮರೆಮಾಡಿದೆ ಎಂದು ನೋಡಿಕೊಂಡು, ಅಷ್ಟೇ ಮರೆಯಾಗುವ ಕಡೆ ಬಂದು ನಿಲ್ಲಬೇಕು. ಎಡಕ್ಕೆ ಹೋದರೆ ಕಿಟಕಿ ಪೂರ್ತಿ ಕಂಡಿತು. ಬಲಕ್ಕೆ ಹೋದರೆ ಪೂರ್ತಿ ಮಾಯ. ಹಿಂದೆ ಹಿಂದೆ ಸರಿದು ಕೊನೆಗೆ ಚಿಕ್ಕಮ್ಮನ ದೊಡ್ಡ ಯಂತ್ರಕ್ಕೆ ಢಿಕ್ಕಿ ಹೊಡೆದರು.

"ಇದನ್ನ ಸ್ವಲ್ಪ ಸರಿಸಬಹುದಾ?"

"ಅದು ನೆಲಕ್ಕೆ ಬೋಲ್ಟ್ ಹಾಕಿರೋದು. ಸರಿಯಲ್ಲ."

"ಹಾಗಾದ್ರೆ ನಾನು ನಿಮ್ಮ ಸ್ಟೂಲ್ ಮೇಲೆ ಕೂರ್ಲಾ?"

ಚಿಕ್ಕಪ್ಪ ನನ್ನ ಮುಖ ನೋಡಿದ. ಆ ಸ್ಟೂಲಿನ ಮೇಲೆ ಚಿಕ್ಕಮ್ಮ ಬಿಟ್ಟರೆ ಇನ್ನೊಂದು ಜೀವ ಕೂತದ್ದಿಲ್ಲ. ಪಾರಿವಾಳಗಳೂ ಆ ಕಡೆ ಸುಳಿಯುವುದಿಲ್ಲ. ಚಿಕ್ಕಮ್ಮ ಒಂದು ಗಳಿಗೆ ತಡೆದಳು. ಆಮೇಲೆ ಸೆರಗಿನಿಂದ ಸ್ಟೂಲು ಒರೆಸಿದಳು. "ಕೂತ್ಕೊಳ್ಳಿ."

ಮೇಡಂ ಕೂತರು, ಕತ್ತನ್ನು ಒಂದಿಷ್ಟು ವಾಲಿಸಿದರು, ಫೋಟೋ ಎತ್ತಿದರು. ಕಂಬ ಬಂದು ಕಿಟಕಿಯ ಅರ್ಧವನ್ನು ಮುಚ್ಚಿತು. ಫೋಟೋದಲ್ಲೂ ಅರ್ಧ. ಅವರ ಬೆರಳು ಒಂದೊಂದೇ ಗುರುತನ್ನು ಹಿಡಿಯುತ್ತ ಹೋಯಿತು. ತೊಲೆಯ ತುದಿಗೆ ಹಾಕಿದ ಕಬ್ಬಿಣದ ತೇಪೆ: ಇದೆ. ಮೂಲೆಯಲ್ಲಿ ಇಟ್ಟಿಗೆ ತುಂಬಿಸಿ ಮುಚ್ಚಿದ ಕಿಟಕಿ: ಇದೆ. ಬೆರಳು ನಡುವಿನ ತೊಲೆಯ ಉದ್ದಕ್ಕೂ ರಾಟೆಗಳನ್ನು ಸವರಿಕೊಂಡು ಹೋಗಿ ಗಕ್ಕನೆ ನಿಂತಿತು.

"ಅಲ್ಲೊಂದು ರಾಟೆ ಇಲ್ಲ, ಅಲ್ವಾ?"

"ಅದನ್ನ ನಮ್ಮ ಮನೆಯವರು ಕಳೆದುಬಿಟ್ರು" ಎಂದಳು ಚಿಕ್ಕಮ್ಮ, ಅಭ್ಯಾಸಬಲದಿಂದ.

"ಯಾವಾಗ?"

"ಗ್ರೀಸ್ ಹಚ್ಚಿದಾಗ. ಇವನಿನ್ನೂ ಹುಟ್ಟಿರಲಿಲ್ಲ."

"ಫೋಟೋದಲ್ಲೂ ಇಲ್ಲ" ಎಂದರು ಮೇಡಂ. "ಬರೀ ಕೊಕ್ಕೆ ಇದೆ. ನಿಮ್ಮ ಯಜಮಾನರೂ ಹುಟ್ಟಿರಲಿಲ್ಲ ಆಗ."

ಕನ್ನಡಿ ಕೈಯಿಂದ ಕೈಗೆ ಹೋಯಿತು. ಇಂಜಿನಿಯರು ನೋಡಿದರು, ಮೇಲೆ ನೋಡಿದರು, ಮತ್ತೆ ಫೋಟೋ ನೋಡಿದರು. ಬಿಳಿ ಬಟ್ಟೆಗಳ ಸಾಲಿನಲ್ಲಿ ಒಂದು ಕಡೆ ಹಲ್ಲು ಬಿದ್ದ ಹಾಗೆ ಖಾಲಿ. ಖಾಲಿಯ ನೆತ್ತಿಗೆ ಕೊಕ್ಕೆ. ನಮ್ಮ ತಲೆಯ ಮೇಲೂ ಅದೇ ಖಾಲಿ, ಅದೇ ಕೊಕ್ಕೆ.

ಕನ್ನಡಿ ಕೊನೆಗೆ ಚಿಕ್ಕಪ್ಪನ ಕೈಗೆ ಬಂತು. ಬೇರೆ ಯಾರೂ ಆ ಫೋಟೋವನ್ನು ಅಷ್ಟು ಹೊತ್ತು ನೋಡಿರಲಾರರು. ಬಸ್ಸನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೆಳಗಿಳಿಯುವ ನಿಧಾನದಲ್ಲಿ ಅವನು ಕನ್ನಡಿಯನ್ನು ಇಳಿಸಿದ.

"ನಾನು ಕಳೆದಿಲ್ಲ" ಎಂದ.

ಚಿಕ್ಕಮ್ಮ ತೊಲೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಕೇಳಿಸ್ತಾ? ನಾನು ಕಳೆದಿಲ್ಲ. ಆ ಮೀಸೆಯೋರನ್ನ ಕೇಳು."

"ಅವತ್ತೇ ಹೇಳಬೇಕಿತ್ತು" ಎಂದಳು ಚಿಕ್ಕಮ್ಮ.

"ಹೇಳಿದ್ದೆ ಕಣೇ! ದಿನಾ ಹೇಳಿದ್ದೆ!"

"ಜೋರಾಗಿ ಹೇಳಬೇಕಿತ್ತು."

ಇಂಜಿನಿಯರು ನಕ್ಕು, ಜೇಬಿನಿಂದ ನಕ್ಷೆ ತೆಗೆದು ಯಂತ್ರದ ಹಲಗೆಯ ಮೇಲೆ ಹರಡಿ, ಹಸಿರು ಪೆನ್ಸಿಲನ್ನು ನಾಲಗೆಗೆ ತಾಗಿಸಿಕೊಂಡರು. ಹಚ್ಚುವ ಮೊದಲು ಕೈ ನಿಲ್ಲಿಸಿ, "ಏನಂತ ಬರೀಲಿ? ಬಟ್ಟೆ ಒಗೆಯೋ ಮನೆ?" ಎಂದರು.

"ಅಲ್ಲ" ಎಂದರು ಮೇಡಂ. "ಫೋಟೋದಲ್ಲಿ ತೂಗ್ತಿರೋದು ಪ್ಯಾರಾಚೂಟ್‌ಗಳು. ತೇವ ಕೂತ್ರೆ ಬಟ್ಟೆ ಅಂಟಿಕೊಳ್ಳುತ್ತೆ, ಬೇಕಾದಾಗ ಬಿಚ್ಚಿಕೊಳ್ಳಲ್ಲ. ಅದಕ್ಕೇ ಆಗಾಗ ಪೂರ್ತಿ ಉದ್ದಕ್ಕೆ ತೂಗುಹಾಕಿ ಒಣಗಿಸಿ, ಎಲ್ಲಾದರೂ ಹರಿದಿದೆಯಾ ನೋಡಿ, ಮಡಚಿ ಇಡ್ತಿದ್ರು. ಪ್ಯಾರಾಚೂಟ್ ಮನೆಗೆ ನಡುವೆ ಇಷ್ಟು ಎತ್ತರ ಬೇಕೇ ಬೇಕು. ಬೇರೆ ಕಡೆ ಇಂಥದ್ದರ ಚಿತ್ರ ನೋಡಿದ್ದೀನಿ. ನಿಂತಿರೋದನ್ನ ಇವತ್ತೇ ನೋಡಿದ್ದು."

 ಅಷ್ಟು ವರ್ಷ ಅಲ್ಲಿದ್ದವಳಿಗೆ ಕಂಟ್ರೋಲ್ ಟವರಿನಿಂದ ಇಳಿಯುವುದು ಸುಲಭವಲ್ಲ. ಚಿಕ್ಕಮ್ಮ ಚಿಕ್ಕಪ್ಪನ ಕೈಯಿಂದ ಫೋಟೋ ತೆಗೆದುಕೊಂಡು, ತಲೆ ಎತ್ತಿ ನಿಂತ ಮೂವರನ್ನು ದಿಟ್ಟಿಸಿದಳು.

"ಇವನಿಗೆ ಆಗ್ಲೇ ಸಿಕ್ಕಿದೆ ನೋಡು" ಎಂದು ನಡುವಿನವನ ಮೇಲೆ ಬೆರಳಿಟ್ಟಳು. ಅವನ ಕೈ ಅರ್ಧ ಮೇಲೆದ್ದಿತ್ತು, ಏನನ್ನೋ ತೋರಿಸುವಂತೆ. "ನಕ್ಷತ್ರ. ಕೆಲಸ ಗೊತ್ತಿರೋ ಮನುಷ್ಯ."

ಹಸಿರು ಬಿತ್ತು.

ಅದಾಗಿ ಎಷ್ಟೋ ದಿನಗಳ ನಂತರ ನಗರಸಭೆಯಿಂದ ಒಂದು ತಗಡಿನ ಫಲಕ ಬಂತು, ನೀಲಿ ಹಿನ್ನೆಲೆ, ಬಿಳಿ ಅಕ್ಷರ: 'ಹಳೆಯ ವಿಮಾನ ನಿಲ್ದಾಣ. ಪ್ಯಾರಾಚೂಟ್ ಮನೆ.' ಬಾಗಿಲಿನ ಪಕ್ಕ ಹೊಡೆದು ಹೋದರು. ಮುಂದಿನ ಸಲ ಇಂಜಿನಿಯರು ಬಂದಾಗ ಫಲಕವೇ ಕಾಣಲಿಲ್ಲ. ಇದ್ದ ಜಾಗದಲ್ಲಿ ದಪ್ಪ ಹಸಿರು ಟಾರ್ಪಾಲಿನ ಪುಟ್ಟ ಚೀಲವೊಂದು, ಅಚ್ಚುಕಟ್ಟಾಗಿ ಅಂಚು ಹೊಡೆದು, ಕೆಳಗೆ ದಾರ ಬಿಗಿದು, ಗೋಡೆಗೆ ತಗಲಿಕೊಂಡಿತ್ತು.

"ಏನಮ್ಮ ಇದು? ಜನ ಓದಲಿ ಅಂತ ಹಾಕಿದ್ದು!"

"ತಗಡು. ಮಳೆಗೆ ತುಕ್ಕು ಹಿಡಿದ್ರೆ ನೀವು ಬಂದು ಒರೆಸ್ತೀರಾ?" ಎಂದಳು ಚಿಕ್ಕಮ್ಮ. "ಓದೋರು ಕೇಳಲಿ, ಬಿಚ್ಚಿ ತೋರಿಸ್ತೀನಿ."

ಗಿರಾಕಿ ಬಂದಾಗಲೆಲ್ಲ ಬಿಚ್ಚಿಯೇ ತೋರಿಸುತ್ತಾಳೆ. "ಮೇಲಿಂದ ಧುಮುಕೋ ಜೀವಗಳೆಲ್ಲ ಇಲ್ಲಿಂದಲೇ ಪಾಸಾಗಿ ಹೋಗಬೇಕಿತ್ತು. ಇಲ್ಲೊಂದು ತೂತು ಕಾಣದೆ ಹೋದ್ರೆ ಅಲ್ಲೊಬ್ಬ ಹೋದ. ಕಂಟ್ರೋಲ್ ಟವರಾ? ಅಯ್ಯೋ, ಅದೊಂದು ಕೋಳಿಗೂಡು, ನೀರಿನ ಟ್ಯಾಂಕಿನ ಹತ್ರ ಇತ್ತು. ಯಾರು ಬೇಕಾದ್ರೂ ಕೂತು ಇಳಿ ಹತ್ತು ಅನ್ನಬಹುದಿತ್ತು."

ಚಿಕ್ಕಪ್ಪ ಅಂಗಡಿಯಿಂದ ಹೊಸ ರಾಟೆಯೊಂದನ್ನು ತಂದು ಆ ಕೊಕ್ಕೆಗೆ ಹಾಕುತ್ತೇನೆ ಎಂದ. ಚಿಕ್ಕಮ್ಮ ಬೇಡವೆಂದಳು. ಹಾಗೇ ಇರಲಿ, ಅದು ಆಗಿನಿಂದ ಇಲ್ಲದ್ದು ಎಂದಳು. ಆಮೇಲೆ ನನ್ನ ಕೈಗೆ ಸೀಮೆಸುಣ್ಣದ ಬಿದಿರು ಕೊಟ್ಟು, ಲಾರಿಯ ಟಾರ್ಪಾಲೊಂದರ ಹಗ್ಗ ಹಿಡಿದು ಎಳೆದಳು. ಬಟ್ಟೆ ಏರಿತು, ಕೋಣೆ ಕತ್ತಲಾಯಿತು.

"ಎಲ್ಲಿದೆ ಹೇಳು."

ನಾನು ಹುಡುಕಿದೆ. ಏನೂ ಕಾಣಲಿಲ್ಲ.

"ಈ ಕಡೆ ಬಂದು ನಿಂತು ನೋಡೋ" ಎಂದಳು.